ಹುಟ್ಟುಗುಣ ಮತ್ತು ಹಾಜರಿ ಪುಸ್ತಕ

ಮನುಷ್ಯ ಹುಟ್ಟಿನಿಂದ ಒಳ್ಳೆಯವನೋ ಕೆಟ್ಟವನೋ ಎಂಬ ವಾದ ಹಳೆಯದು. ಗೋಕಾಕ ಸೀಮೆಯಲ್ಲಿ ಮಾತ್ರ ಅದು ವಾದವಾಗಿ ಉಳಿಯಲಿಲ್ಲ. ಬ್ರಿಟಿಷ್ ಸರಕಾರವೇ ಉತ್ತರ ಬರೆದು ಜನರನ್ನು ಹಾಜರಿಗೆ ನಿಲ್ಲಿಸಿತು.

ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ನಿಂತದ್ದು ಈ ನಂಬಿಕೆಯ ಮೇಲೆ. 1911ರ ಕಾಯ್ದೆಯೊಡನೆ ಅದು ನಮ್ಮ ಸೀಮೆ ಆಗ ಸೇರಿದ್ದ ಮುಂಬಯಿ ಪ್ರಾಂತಕ್ಕೂ ಬಂತು. ಕೊರವರು, ಹರಣಶಿಕಾರಿಗಳು, ಛಪ್ಪರಬಂದರು ಪಟ್ಟಿಗೆ ಸೇರಿದರು. ಬಿಜಾಪುರ, ಹುಬ್ಬಳ್ಳಿ, ಗದಗಗಳಂತೆ ಗೋಕಾಕ ಫಾಲ್ಸಿನಲ್ಲೂ ಅವರನ್ನು ಕಾವಲಲ್ಲಿ ಇರಿಸುವ ಸೆಟ್ಲಮೆಂಟ್ ಎದ್ದಿತು. ಘಟಪ್ರಭೆಯ ಧಬಧಬೆಯ ಪಕ್ಕದಲ್ಲಿ 1887ರಿಂದ ನಡೆಯುತ್ತಿದ್ದ ನೂಲಿನ ಗಿರಣಿಗೆ ಅಲ್ಲಿಂದ ಆಳು ಸಿಕ್ಕರು. ಹೆಸರು ಕೂಗಿದಾಗ ಓಗೊಡಬೇಕು, ಬೆರಳಚ್ಚು ಕೊಡಬೇಕು. ಪರವೂರಲ್ಲಿ ತಂಗಿಯ ಮದುವೆ ಇದ್ದರೂ ಪಾಸಿಲ್ಲದೆ ಗಡಿ ದಾಟುವಂತಿಲ್ಲ. ಕಳುವು ಮಾಡಿದವನಿಗೂ ಮಾಡದವನಿಗೂ ಅದೇ ಕಟ್ಟಳೆ.

ಈ ಕಾಯ್ದೆಯಲ್ಲಿ ಇನ್ನೊಂದು ಅಧಿಕಾರವಿತ್ತು: ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಬೇರೆ ಇಡುವುದು. ತೀರಾ ಕ್ರೂರವಾದ ಈ ಕಲಮೇ ಕಾಯ್ದೆಯ ಸುಳ್ಳನ್ನೂ ಬಯಲು ಮಾಡುತ್ತದೆ. ಕಳ್ಳತನ ರಕ್ತದಲ್ಲೇ ಇದ್ದರೆ ಮಗುವನ್ನು ಬೇರೆ ಇಟ್ಟು ಆಗುವುದೇನು? ಬಡತನ, ಕೈತಪ್ಪಿದ ಕಸುಬು, ಊರು ಕೊಡದ ನೆಲೆ, ಇವೇ ಕಾರಣವೆಂದು ಕಾಯ್ದೆ ಬರೆದವರಿಗೂ ಗೊತ್ತಿತ್ತು.

ಕೆಡುಕು ಒಂದು ಕುಲದ ಸೊತ್ತಲ್ಲವೆಂಬುದನ್ನು ನಮ್ಮ ಆಟದವರು ಚೆನ್ನಾಗಿ ಬಲ್ಲರು. ಮೂಡಲಗಿ ತಾಲೂಕಿನ ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ರಾಕ್ಷಸನಿಲ್ಲ. ಇರುವುದು ಸತ್ಯಭಾಮೆಯ ಹೊಟ್ಟೆಕಿಚ್ಚು. ಅದಕ್ಕಾಗಿ ಆಕೆಯನ್ನು ಯಾರೂ ಹೊರಗೆ ಹಾಕುವುದಿಲ್ಲ. ಇಡೀ ರಾತ್ರಿ ಅವಳನ್ನು ಒಲಿಸುವುದೇ ಆಟ. ಕಣಿ ಹೇಳುವ ಕೊರವಂಜಿಯನ್ನು ಆಟದ ಅಟ್ಟದ ಮೇಲೆ ಕೈಮುಗಿದು ನೋಡಿದ ಸೀಮೆಯಲ್ಲೇ ಅವಳ ಕುಲದ ಕೊರವರು ಹಾಜರಿ ಕೊಡುತ್ತಿದ್ದರೆಂದು ನೆನೆದರೆ ಸಂಕಟವಾಗುತ್ತದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಸಿರಿಸಂಪಿಗೆ’ ನಾಟಕದಲ್ಲಿ ಒಬ್ಬ ರಾಜಕುಮಾರನನ್ನೇ ಎರಡು ಹೋಳು ಮಾಡಿಸಿದರು, ಒಂದು ಹೋಳು ಮನುಷ್ಯ, ಇನ್ನೊಂದು ಹಾವು. ಎರಡೂ ಅವನೇ. ಹಾವನ್ನೆಲ್ಲ ಒಂದು ಕುಲದ ಪಾಲಿಗೆ ಬರೆದು, ಉಳಿದವರು ಶುದ್ಧರಾಗಲು ಬರುವುದಿಲ್ಲ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅನುಮಾನ ರದ್ದಾಗಲಿಲ್ಲ. ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಸಮುದಾಯಗಳ ಬಗೆಗಿನ ಈ ಪೂರ್ವಗ್ರಹ ಜೈಲು ನಿಯಮಗಳಲ್ಲಿ ಇನ್ನೂ ಉಳಿದಿದೆಯೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಬೇಕಾಯಿತು. ಇಂದಿಗೂ ಊರಲ್ಲಿ ಕಳುವಾದರೆ ಮೊದಲು ಯಾವ ಓಣಿಯ ಬಾಗಿಲು ಬಡಿಯುತ್ತಾರೆಂದು ಓದುಗರೇ ಬಲ್ಲರು.

ಗೋಕಾಕ ಫಾಲ್ಸ್, ಗದಗ, ಹುಬ್ಬಳ್ಳಿಯ ಸೆಟ್ಲಮೆಂಟುಗಳಲ್ಲಿ ಬೆಳೆದ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ, ಅವರ ಒಪ್ಪಿಗೆ ಪಡೆದು, ಅವರದೇ ಮಾತಿನಲ್ಲಿ ಬರೆದುಕೊಂಡು ನಮಗೆ ಕಳಿಸಿ. ಪುಟ ಎಷ್ಟಾದರೂ ಅಚ್ಚು ಮಾಡುತ್ತೇವೆ.