ಹುತಾತ್ಮನ ಮನೆಗೆ ಐದನೇ ವರ್ಷ ಯಾರು ಹೋಗುತ್ತಾರೆ?

ಪುಲ್ವಾಮಾ ದಾಳಿಯಲ್ಲಿ ಮಡಿದ ಸಿಆರ್‌ಪಿಎಫ್ ಯೋಧ ಎಚ್. ಗುರು ಅವರ ಪಾರ್ಥಿವ ಶರೀರ 2019ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಮದ್ದೂರು ತಾಲ್ಲೂಕಿನ ಗುಡಿಗೆರೆಗೆ ಸಾಗಿದ್ದು ರಾಮನಗರ, ಕೆಂಗಲ್, ಚನ್ನಪಟ್ಟಣದ ಹೆದ್ದಾರಿಯಲ್ಲೇ. ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ಆ ದುಃಖ ನಿಜವಾದದ್ದು, ಅದನ್ನು ಯಾರೂ ಹಗುರ ಮಾಡಬಾರದು. ಆಗ ಚನ್ನಪಟ್ಟಣದ ಶಾಸಕರೂ ಆಗಿದ್ದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 25 ಲಕ್ಷ ರೂಪಾಯಿ ಪರಿಹಾರ, ಪತ್ನಿಗೆ ಸರ್ಕಾರಿ ನೌಕರಿ ಘೋಷಿಸಿದರು. ಅರ್ಧ ಎಕರೆ ಜಮೀನು ಕೊಡುವುದಾಗಿ ಸುಮಲತಾ ಅಂಬರೀಶ್ ಹೇಳಿದರು. ಸಂಘ ಸಂಸ್ಥೆಗಳಿಂದಲೂ ಹಣ ಬಂತು. ಆಮೇಲೆ ಆ ಮನೆಯೊಳಗಿನ ಮಾತುಗಳೇ ಸುದ್ದಿವಾಹಿನಿಗಳ ಸರಕಾದವು. ಅವನ್ನು ಇಲ್ಲಿ ಮತ್ತೆ ಹೇಳುವುದು ಅನ್ಯಾಯ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಅಷ್ಟು ಜನ ಬಂದು ಹೋದ ಮೇಲೆ, ಪತ್ನಿ, ಹೆತ್ತವರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಬಲ್ಲ, ಮಡಿದವನನ್ನು ಹತ್ತಿರದಿಂದ ಬಲ್ಲ ಒಬ್ಬ ವ್ಯಕ್ತಿ ಆ ಮನೆಗೆ ನಿಯಮಿತವಾಗಿ ಹೋಗಿಬರುವ ಏರ್ಪಾಡನ್ನು ನಮ್ಮ ವ್ಯವಸ್ಥೆ ಮಾಡಿತ್ತೇ?

ಇಂಥ ಪ್ರಕರಣ ಬಂದಾಗಲೆಲ್ಲ ನಮ್ಮಲ್ಲಿ ಎದ್ದು ನಿಲ್ಲುವ ವಾದ ಒಂದೇ: ಹಣ ಯಾರಿಗೆ ಸೇರಬೇಕು, ಹೆಂಡತಿಗೋ ಹೆತ್ತವರಿಗೋ? ಸಿಯಾಚಿನ್‌ನಲ್ಲಿ ಮಡಿದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರಿಗೆ 2024ರ ಜುಲೈನಲ್ಲಿ ಮರಣೋತ್ತರ ಕೀರ್ತಿ ಚಕ್ರ ಸಂದ ಬಳಿಕ ದೇಶವಿಡೀ ಇದೇ ಚರ್ಚೆ ನಡೆಯಿತು. ವಾರಸುದಾರರ ನಿಯಮ ಬದಲಾಗಲಿ ಎಂದು ತಂದೆತಾಯಿ ಕೇಳಿದರು. ಜಾಲತಾಣಗಳಲ್ಲಿ ಅಂಶುಮಾನ್ ಅವರ ಪತ್ನಿಯ ಮೇಲೆ ಕೆಟ್ಟ ಮಾತುಗಳು ಸುರಿದವು. ಅದೇ ತಿಂಗಳು ಮಧ್ಯಪ್ರದೇಶ ಸರ್ಕಾರ, ಹುತಾತ್ಮ ಪೊಲೀಸರ ಪರಿಹಾರವನ್ನು ಪತ್ನಿಗೂ ಹೆತ್ತವರಿಗೂ ಅರ್ಧರ್ಧ ಹಂಚುವುದಾಗಿ ಹೇಳಿತು. ಹೆತ್ತವರ ಹಕ್ಕನ್ನು ಅಲ್ಲಗಳೆಯುವಂತಿಲ್ಲ, ಮಗನ ದುಡಿಮೆಯನ್ನೇ ನೆಚ್ಚಿದ್ದ ಮುದಿ ಜೀವಗಳಿಗೆ ಪಾಲು ಸಿಗಲೇಬೇಕು. ಆದರೆ ಪಾಲು ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ತಪ್ಪು. ನಮ್ಮ ಕಾನೂನು ಈ ಹೆಣ್ಣುಮಕ್ಕಳನ್ನು ಹೇಗೆ ಕಂಡಿತ್ತು ನೋಡಿ. ಶೌರ್ಯ ಪ್ರಶಸ್ತಿ ಪಡೆದ ಯೋಧನ ವಿಧವೆ ಮರುಮದುವೆಯಾದರೆ ಪ್ರಶಸ್ತಿಯ ಭತ್ಯೆ ನಿಲ್ಲುತ್ತಿತ್ತು, ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಆ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಆಕೆ ಯಾರ ಮನೆಯಲ್ಲಿರಬೇಕು ಎಂಬುದನ್ನು ಸರ್ಕಾರದ ಆದೇಶವೇ ಸೂಚಿಸುತ್ತಿತ್ತು. ಹೀಗಿರುವಾಗ, ತವರಿಗೂ ಸೇರದ, ಅತ್ತೆಮನೆಗೂ ಸೇರದ, ಸತ್ತವನ ಕಡೆಯಿಂದ ಮಾತಾಡಬಲ್ಲ ಮೂರನೆಯವರು ಬೇಕು. ಅವರು ಅವನ ಜೊತೆಗಾರರು.

ಜೊತೆಗಾರರಿಗೆ ಮನಸ್ಸಿಲ್ಲ ಎನ್ನಲು ಸಾಧ್ಯವೇ ಇಲ್ಲ. 2017ರ ನವೆಂಬರ್‌ನಲ್ಲಿ ಕಾಶ್ಮೀರದ ಬಂಡೀಪುರ ಜಿಲ್ಲೆಯಲ್ಲಿ ಮಡಿದ, ಅಶೋಕ ಚಕ್ರ ಪುರಸ್ಕೃತ ವಾಯುಪಡೆಯ ಗರುಡ ಕಮಾಂಡೊ ಜ್ಯೋತಿಪ್ರಕಾಶ್ ನಿರಾಲಾ ಅವರ ತಂಗಿಯ ಮದುವೆಗೆ, 2019ರಲ್ಲಿ, ಅವರ ದಳದವರು ಬಿಹಾರದ ಹಳ್ಳಿಗೆ ಹೋದರು. ಮದುಮಗಳ ಪಾದದಡಿ ತಮ್ಮ ಅಂಗೈಗಳನ್ನು ಇಟ್ಟರು. ಹುತಾತ್ಮ ಜವಾನರೊಬ್ಬರ ತಂಗಿಗೆ 2021ರ ಕೊನೆಯಲ್ಲಿ ರಾಯಬರೇಲಿಯಲ್ಲಿ ನಡೆದ ಮದುವೆಯಲ್ಲಿ ಸಿಆರ್‌ಪಿಎಫ್‌ನವರು ಅಣ್ಣಂದಿರಾಗಿ ನಿಂತರು. ಆ ಚಿತ್ರಗಳನ್ನು ಲಕ್ಷಾಂತರ ಜನ ಹಂಚಿಕೊಂಡರು. ನನ್ನ ತಕರಾರು ಇರುವುದು ಇಲ್ಲೇ. ಇಂಥ ದೃಶ್ಯ ಸುದ್ದಿಯಾಗುವುದು ಅಪರೂಪವಾದ್ದರಿಂದ. ಜೊತೆಗಾರರು ರಜೆ ಹೊಂದಿಸಿಕೊಂಡು, ತಮ್ಮ ಜೇಬಿನಿಂದ ಹಣ ಕೂಡಿಸಿಕೊಂಡು ಮಾಡಿದ ಕೆಲಸವನ್ನು ನಾವು ದೇಶದ ಹೆಮ್ಮೆ ಎಂದು ಕೊಂಡಾಡುತ್ತೇವೆ, ಆದರೆ ಅದಕ್ಕೆ ಒಂದು ದಿನದ ಕರ್ತವ್ಯ ರಜೆಯನ್ನೂ ನಿಯಮವಾಗಿ ಬರೆದಿಡುವುದಿಲ್ಲ.

ನಮ್ಮ ಮದ್ದೂರು, ಚನ್ನಪಟ್ಟಣ ಭಾಗದಲ್ಲಿ ಈ ಕೊರತೆ ಇನ್ನೂ ಆಳವಾದದ್ದು, ಅದಕ್ಕೆ ಕಾರಣವಿದೆ. ಮರಾಠಾ ಲಘು ಪದಾತಿದಳ, ಮದ್ರಾಸ್ ರೆಜಿಮೆಂಟ್‌ಗಳಲ್ಲಿ ಒಂದೇ ಸೀಮೆಯ ಹುಡುಗರು ಹೆಚ್ಚಾಗಿ ಜೊತೆಯಾಗಿ ಇರುತ್ತಾರೆ. ಬೆಳಗಾವಿಯಂಥ ಕಡೆ ರೆಜಿಮೆಂಟಿನ ಕೇಂದ್ರವೇ ಊರಿನಲ್ಲಿದೆ. ಮಡಿದವನ ಸ್ನೇಹಿತ ನಿವೃತ್ತನಾಗಿ ಪಕ್ಕದ ತಾಲ್ಲೂಕಿಗೇ ಬರುತ್ತಾನೆ, ಹಬ್ಬಕ್ಕೋ ಸಂತೆಗೋ ಹೋದಾಗ ಆ ಮನೆಗೂ ಹೋಗಿಬರುತ್ತಾನೆ. ಸಿಆರ್‌ಪಿಎಫ್ ಹಾಗಲ್ಲ. ಅದರ ಬೆಟಾಲಿಯನ್‌ಗಳಲ್ಲಿ ಇಡೀ ದೇಶದವರು ಬೆರೆತಿರುತ್ತಾರೆ. ಮದ್ದೂರಿನವನ ಜೊತೆ ಒಂದೇ ವಾಹನದಲ್ಲಿ ಕೂತವನು ಅಸ್ಸಾಮಿನವನೋ ರಾಜಸ್ಥಾನದವನೋ ಆಗಿರಬಹುದು. ಅವನಿಗೆ ಗುಡಿಗೆರೆ ದೂರ, ಕನ್ನಡವೂ ಬಾರದು. ಮೇಲಾಗಿ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳು ರೂಪುಗೊಂಡಿದ್ದು ಮೂರು ಸೇನೆಗಳ ಮಾಜಿ ಸೈನಿಕರಿಗಾಗಿ. ಸಿಆರ್‌ಪಿಎಫ್ ಇರುವುದು ಗೃಹ ಸಚಿವಾಲಯದ ಕೆಳಗೆ. ಈಗ ಅಗ್ನಿವೀರರೂ ಇದ್ದಾರೆ. ನಾಲ್ಕು ವರ್ಷದ ಸೇವೆ. ಮಡಿದರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ ಉಂಟು, ಕುಟುಂಬ ಪಿಂಚಣಿ ಇಲ್ಲ. ಜೊತೆಗಿದ್ದ ಅಗ್ನಿವೀರರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಲ್ಕು ವರ್ಷಕ್ಕೇ ಚದುರಿಹೋಗುತ್ತಾರೆ. ಅಂಥ ಮನೆಯ ಬಾಗಿಲಿಗೆ ಯಾರು ಹೋಗಬೇಕು?

ಸಿಆರ್‌ಪಿಎಫ್‌ಗೆ ಹುತಾತ್ಮರ ಕುಟುಂಬಗಳಿಗಾಗಿ 'ವೀರ್ ಪರಿವಾರ್' ಎಂಬ ಆ್ಯಪ್ ಇದೆ, ದೇಣಿಗೆಗೆ 2017ರಿಂದ 'ಭಾರತ್ ಕೆ ವೀರ್' ಇದೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಅವುಗಳಿಂದ ಉಪಯೋಗ ಇಲ್ಲವೆಂದಲ್ಲ. ಆದರೆ ಮಗುವಿನ ಹೆಸರಿನ ಠೇವಣಿಗೆ ಯಾರ ಸಹಿ ಬೇಕು, ನೌಕರಿ ಎಲ್ಲಿ ಕೊಟ್ಟರೆ ಆಕೆ ಅತ್ತೆಮಾವನನ್ನೂ ನೋಡಿಕೊಳ್ಳಬಹುದು, ಆಕೆಗೆ ಮರುಮದುವೆಯ ಮನಸ್ಸಿದ್ದರೆ ಅದನ್ನು ಹಿರಿಯರಿಗೆ ಹೇಳುವವರು ಯಾರು ಎಂಬುದಕ್ಕೆ ಮೊಬೈಲಿನಲ್ಲಿ ಉತ್ತರವಿಲ್ಲ. ಮಮತೆಯನ್ನು ಆದೇಶ ಹೊರಡಿಸಿ ತರಲಾಗದು ಎಂಬುದು ಇನ್ನೊಂದು ಆಕ್ಷೇಪ. ಒಪ್ಪಿದೆ. ಹೋಗಲೇಬೇಕೆಂದು ಯಾರನ್ನೂ ಬಲವಂತ ಮಾಡುವುದು ಬೇಡ. ಬದುಕುಳಿದವನೂ ಒಳಗೆ ಗಾಯಗೊಂಡವನೇ, ಆ ಮನೆಯ ಹೊಸ್ತಿಲು ಅವನಿಗೂ ಭಾರ. ಹೋಗುತ್ತೇನೆ ಎನ್ನುವವನಿಗೆ ರಜೆ, ರೈಲಿನ ವಾರಂಟು, ಅಧಿಕೃತ ಪತ್ರ ಕೊಡಿ ಎಂಬುದಷ್ಟೇ ಕೇಳಿಕೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ. ಹರೆಯದ ವಿಧವೆಯ ಮನೆಗೆ ಪರ ಗಂಡಸು ಬಂದುಹೋದರೆ ಊರು ಸುಮ್ಮನಿರುತ್ತದೆಯೇ? ಇರುವುದಿಲ್ಲ, ಮತ್ತು ಅದರ ಬೆಲೆ ತೆರುವವಳು ಅವಳೇ. ಆದ್ದರಿಂದ ಯಾರು ಬರಬೇಕು ಎಂದು ಹೇಳುವ ಹಕ್ಕು ಆಕೆಯದೇ ಆಗಬೇಕು, ಬೇಡವೆನ್ನುವ ಹಕ್ಕೂ ಸೇರಿ. ಸಿಆರ್‌ಪಿಎಫ್‌ನಲ್ಲಿ 1986ರಿಂದಲೇ ಮಹಿಳಾ ಬೆಟಾಲಿಯನ್ ಇದೆ, ಜೊತೆಗಾರರ ಹೆಂಡಂದಿರಿದ್ದಾರೆ. ಅಶೋಕ ಚಕ್ರ ಪುರಸ್ಕೃತ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿಯಲ್ಲಿ ಮಡಿದ ಮೇಲೆ, ಅವರ ಪತ್ನಿ ಸುಭಾಷಿಣಿ ವಸಂತ್ ಬೆಂಗಳೂರಿನಲ್ಲಿ ವಸಂತರತ್ನ ಪ್ರತಿಷ್ಠಾನ ಕಟ್ಟಿ, ಇದೇ ನೋವುಂಡ ಹಳ್ಳಿಯ ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಒಂದೆಡೆ ಸೇರಿಸಿದರು. ಒಬ್ಬ ಹೆಣ್ಣುಮಗಳು ತನ್ನ ದುಃಖದ ನಡುವೆ ಕಟ್ಟಿದ್ದನ್ನು ಒಂದು ಸರ್ಕಾರ ಕಟ್ಟಲಾರದೇ?

ಹೊಣೆಗಾರನನ್ನು ಗೊತ್ತುಮಾಡುವುದು ಈ ನೆಲಕ್ಕೆ ಹೊಸದಲ್ಲ. ಗುಡಿಗೆರೆ ಇರುವ ಮದ್ದೂರು ತಾಲ್ಲೂಕಿನಲ್ಲೇ ಆತಕೂರು ಇದೆ. ತಕ್ಕೋಲದ ಯುದ್ಧದ ಬಳಿಕ, 10ನೇ ಶತಮಾನದ ಮಧ್ಯದಲ್ಲಿ, ಆ ಯುದ್ಧದಲ್ಲಿ ಹೋರಾಡಿದ ಯೋಧ ಮಣಲೇರನು ಕಾಳಿ ಎಂಬ ತನ್ನ ಬೇಟೆನಾಯಿಗೆ ಅಲ್ಲಿ ಕಲ್ಲು ನೆಡಿಸಿದ. ಕಲ್ಲು ನೆಟ್ಟು ಸುಮ್ಮನಾಗಲಿಲ್ಲ. ಅದಕ್ಕೆ ಭೂಮಿ ಬಿಟ್ಟು, ಆ ಭೂಮಿ ಉಣ್ಣುವ ಗೊರವ (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ನಾಯಿಯೊಂದರ ನೆನಪಿಗೂ ದಿನನಿತ್ಯದ ಹೊಣೆ ಯಾರದ್ದೆಂದು ಶಾಸನದಲ್ಲಿ ಬರೆದಿಟ್ಟ ತಾಲ್ಲೂಕು ಇದು.

ರಾಜ್ಯ ಸರ್ಕಾರ ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಮಡಿದವನು ಸೇನೆಯವನಿರಲಿ, ಸಿಆರ್‌ಪಿಎಫ್‌ನವನಿರಲಿ, ಅಗ್ನಿವೀರನಿರಲಿ, ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿ ಆ ಕುಟುಂಬದ ಹೆಸರನ್ನು ದಾಖಲಿಸಿಕೊಳ್ಳಲಿ. ಅವನ ತುಕಡಿಗೆ ಬರೆದು, ಕುಟುಂಬ ಒಪ್ಪಿದ ಒಬ್ಬ ಜೊತೆಗಾರನನ್ನು ಅಥವಾ ಜೊತೆಗಾರ್ತಿಯನ್ನು ಹತ್ತು ವರ್ಷಕ್ಕೆ ಗೊತ್ತುಮಾಡಲಿ. ಭಾಷೆ ತಿಳಿಯದವರಿಗೆ ಅದೇ ತಾಲ್ಲೂಕಿನ ನಿವೃತ್ತ ಯೋಧರೊಬ್ಬರನ್ನು ಜೊತೆ ಮಾಡಲಿ. ವರ್ಷಕ್ಕೆ ಎರಡು ಭೇಟಿ, ಪ್ರಯಾಣದ ಖರ್ಚು ಸರ್ಕಾರದ್ದು. ಘೋಷಿಸಿದ ಹಣ, ಜಮೀನು, ನೌಕರಿಗಳಲ್ಲಿ ಯಾವುದು ಕೈಸೇರಿತು, ಯಾವುದು ಇಲ್ಲ ಎಂದು ಪ್ರತಿ ಭೇಟಿಯ ಬಳಿಕ ಜಿಲ್ಲಾಧಿಕಾರಿಗೆ ಲಿಖಿತ ವರದಿ ಹೋಗಲಿ. ರಜೆಯ ವಿಷಯ ಕೇಂದ್ರದ ಕೈಯಲ್ಲಿದೆ. ಅದನ್ನು ಗೃಹ ಮತ್ತು ರಕ್ಷಣಾ ಸಚಿವಾಲಯಗಳ ಮುಂದಿಡುವ ಕೆಲಸವನ್ನು, ಆ ಹೆದ್ದಾರಿಯಲ್ಲಿ ಜನರ ಜೊತೆ ನಿಂತು ಕೈಮುಗಿದ ಎಲ್ಲ ಪಕ್ಷದವರೂ ವಿಧಾನಮಂಡಲದ ಮುಂದಿನ ಅಧಿವೇಶನದಲ್ಲೇ ಶುರುಮಾಡಬೇಕು.