ಸಣ್ಣ ಜಾಲತಾಣಕ್ಕೆ ಸರ್ವರನ್ನು ಗೊತ್ತುಮಾಡುವ ವಿಚಾರ

ನಮ್ಮ ವಾಚಕರಲ್ಲಿ ಕೆಲವರು ಊರಿನ ವಾಚನಾಲಯಕ್ಕೋ ತಮ್ಮ ವಂಶವೃತ್ತಾಂತಕ್ಕೋ ಒಂದು ಸಣ್ಣ ಜಾಲತಾಣವನ್ನು ತೆರೆಯುವ ಉತ್ಸಾಹದಲ್ಲಿರುವರು. ಉತ್ಸಾಹವು ಸ್ತುತ್ಯವೇ ಸರಿ. ಆದರೆ ಸರ್ವರು ಎಷ್ಟು ದೊಡ್ಡದಿರಬೇಕೆಂಬುದೇ ಅವರ ಮೊದಲ ಪ್ರಶ್ನೆ. ಅದು ನಾಳೆ ನಾಶವಾದರೆ ಬರಹದ ಗತಿಯೇನೆಂಬುದನ್ನು ಮೊದಲು ಕೇಳತಕ್ಕದ್ದೆಂದು ನಮ್ಮ ಮತ.

ಗಾತ್ರದ ಮಾತು ಬೇಗ ಮುಗಿಯುವಂಥದು. ದಿನಕ್ಕೆ ನೂರಿನ್ನೂರು ಮಂದಿ ಓದುವ ತಾಣಕ್ಕೆ, ಹಲವರು ಹಂಚಿಕೊಂಡಿರುವ ಸರ್ವರಿನಲ್ಲಿ ಒಂದು ಪಾಲು ಸಾಕು. ಪ್ರತ್ಯೇಕವೇ ಬೇಕೆಂದರೆ 1 ಅಥವಾ 2 ಗಿಗಾಬೈಟ್ ಮೆಮೊರಿಯ ಬಾಡಿಗೆಯ ಸರ್ವರು ಸಾಮಾನ್ಯವಾಗಿ ಸಾಲುತ್ತದೆ. ಪರಂತು ಅದರ ರಕ್ಷಣೆಯ ಅಪ್‌ಡೇಟುಗಳೆಲ್ಲ ಬಾಡಿಗೆದಾರನ ತಲೆಗೇ ಬರುತ್ತವೆ. ಬಿಡುವಿಲ್ಲದವನಿಗೆ ಪಾಲಿನ ಮನೆಯೇ ಲೇಸು.

2003ನೆಯ ಇಸವಿಯಲ್ಲಿ ಹೊರಬಂದ ವರ್ಡ್‌ಪ್ರೆಸ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಲೇಖನಗಳ ಅಕ್ಷರವೆಲ್ಲ ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಎಂಬ ದತ್ತಾಂಶಕೋಶದಲ್ಲಿರುತ್ತದೆ. ಚಿತ್ರಗಳು ಬೇರೊಂದು ಫೋಲ್ಡರಿನಲ್ಲಿ. ಫೋಲ್ಡರನ್ನು ಮಾತ್ರ ನಕಲು ಮಾಡಿಟ್ಟು ನಿಶ್ಚಿಂತನಾದವನಿಗೆ ಆಪತ್ಕಾಲದಲ್ಲಿ ಚಿತ್ರಗಳು ದೊರೆತಾವು, ಬರಹದ ಒಂದಕ್ಷರವೂ ದೊರೆಯದು. ಎರಡರ ನಕಲೂ ಬೇಕು. ಕೋಶವನ್ನು ರಚಿಸುವಾಗಲೇ ಯುಟಿಎಫ್8ಎಂಬಿ4 ಎಂಬ ಲಿಪಿಸಂಕೇತವನ್ನು ಆರಿಸಿಕೊಳ್ಳತಕ್ಕದ್ದು. ಹಳೆಯ ಲ್ಯಾಟಿನ್ ಸಂಕೇತವಿದ್ದರೆ ಕನ್ನಡದ ಅಕ್ಷರಗಳು ಬರಿಯ ಪ್ರಶ್ನಚಿಹ್ನೆಗಳಾಗಿ ಕುಳಿತಾವು. ಹಾಗಾದವು ಮರಳಿ ಅಕ್ಷರಗಳಾಗುವುದಿಲ್ಲ.

ಇನ್ನು ನಕಲನ್ನು ಇಡುವ ಸ್ಥಳ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ 2021ನೆಯ ಇಸವಿ ಮಾರ್ಚ್ 10ರಂದು ಓವಿಎಚ್ ಸಂಸ್ಥೆಯ ಸರ್ವರುಗಳಿದ್ದ ಒಂದು ಕಟ್ಟಡವು ಪೂರ್ಣವಾಗಿ ಸುಟ್ಟುಹೋಯಿತು. ದೈವವಶಾತ್ ಪ್ರಾಣಹಾನಿಯಾಗಲಿಲ್ಲ. ಆದರೆ ನಕಲೂ ಅದೇ ಸ್ಥಳದಲ್ಲಿದ್ದ ಕೆಲವು ಗಿರಾಕಿಗಳಿಗೆ ಮೂಲವೂ ಹೋಯಿತು, ನಕಲೂ ಹೋಯಿತು. ಓಲೆಗರಿಯ ಗ್ರಂಥಗಳೆಷ್ಟೋ ನಮ್ಮ ಕಾಲದವರೆಗೆ ಉಳಿದು ಬಂದದ್ದು ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ ಚದರಿಹೋಗಿದ್ದುದರಿಂದಲ್ಲವೆ? ಆದಕಾರಣ ಒಂದು ನಕಲು ಬೇರೊಂದು ಸಂಸ್ಥೆಯಲ್ಲಿರಲಿ, ಮತ್ತೊಂದು ಮನೆಯ ಪೆಟ್ಟಿಗೆಯಲ್ಲೇ ಇರಲಿ. ಆರು ತಿಂಗಳಿಗೊಮ್ಮೆ ಅದನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು, ಕಳೆದ ತಿಂಗಳ ಲೇಖನವು ಕಾಣುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು. ತೆರೆದು ನೋಡದ ನಕಲನ್ನು ನಾವು ನಕಲೆಂದೇ ಎಣಿಸುವುದಿಲ್ಲ.

ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನೂ ವಿಚಾರಿಸಿರಿ. ಉಪಕಾರಕ್ಕೆಂದು ಮಾಡಿಕೊಟ್ಟ ಹುಡುಗನು ಉದ್ಯೋಗಕ್ಕಾಗಿ ಪರಸ್ಥಳಕ್ಕೆ ಹೋದರೆ, ಬಾಕಿಯ ಸೂಚನಾಪತ್ರಗಳೆಲ್ಲ ಅವನ ಹಳೆಯ ಇಮೇಲಿಗೇ ಹೋಗುತ್ತಿರುವುವು. ವಾಯಿದೆ ಮೀರಿ ಬಿಟ್ಟುಹೋದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.