ಕೈಗವಸು ಯಾರ ಕೈಗೆ?

ಸೂಪರ್ ಮಾರ್ಕೆಟ್‌ನಲ್ಲಿ ಇಪ್ಪತ್ತು ಮುಖದ ದಾಳ ಕೇಳಿದ್ರೆ ಲೂಡೋ ಡಬ್ಬಿ ತೆಗೆದು ಕೈಗೆ ಕೊಡ್ತಾರೆ. ನಾವು ನಾಲ್ಕು ಅಂಗಡಿ ತಿರುಗಿ, ಕೊನೆಗೆ ಆನ್‌ಲೈನ್‌ನಲ್ಲೇ ತರಿಸಿದೆವು. ಅದೇ ಸಿಟ್ಟಿಗೆ ನಮ್ಮ ಡಿಎಂ, ಅಂದ್ರೆ ಆಟ ನಡಸಾಂವ, ತನ್ನ ಕಥೆಯೊಳಗೇ ಒಂದು ಸೂಪರ್ ಮಾರ್ಕೆಟ್ ಕಟ್ಟಿಬಿಟ್ಟ. ಅಲ್ಲಿ ಎಲ್ಲಾ ಸಿಗ್ತದ: ಹಾರುವ ಚಾಪೆ, ಮಾತಾಡುವ ಕತ್ತಿ, ತೊಟ್ಟವರಿಗೆ ರಾಕ್ಷಸನ ಬಲ ಕೊಡುವ ಕೈಗವಸು. ಆ ಕೈಗವಸಿನಿಂದಲೇ ನಮ್ಮ ಟೇಬಲ್ ಒಡೆಯಿತು.

ಆಡದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಹೊರತಂದ ಆಟ. ಒಬ್ಬೊಬ್ಬರಿಗೂ ಒಂದು ಪಾತ್ರ. ಪಾತ್ರಕ್ಕೆ ಬಲ, ಚುರುಕುತನ, ಬುದ್ಧಿ ಹೀಗೆ ಆರು ಅಂಕ. ಬಾಗಿಲು ಒಡೀಬೇಕು, ಶತ್ರುವಿಗೆ ಹೊಡೀಬೇಕು ಅಂದ್ರೆ ದಾಳ ಉರುಳಿಸಿ, ಅಂಕಕ್ಕೆ ತಕ್ಕ ಬೋನಸ್ ಕೂಡಿಸಬೇಕು. ದಾಳಕ್ಕೆ ಇಪ್ಪತ್ತು ಮುಖ, ಆದ್ದರಿಂದ ಬೋನಸ್ ಒಂದು ಏರಿದ್ರೆ ಗೆಲ್ಲುವ ಸಂಭವ ಸಾಮಾನ್ಯವಾಗಿ ಶೇ. 5 ಏರ್ತದ.

ನಾವು ಆಡುವುದು 2014ರ ಐದನೇ ಆವೃತ್ತಿ. ಪಾತ್ರ ಕಟ್ಟಲು 27 ಪಾಯಿಂಟ್ ಕೊಡ್ತಾರೆ. ಪ್ರತಿ ಅಂಕವೂ 8ರಿಂದ ಶುರು, 15ಕ್ಕೆ ಒಯ್ಯಲು 9 ಪಾಯಿಂಟ್ ಖರ್ಚು. ಕಮಲಾಪುರದಿಂದ ಬಸ್ಸಿಗೆ ಬರುವ ನಮ್ಮ ಗೆಳೆಯನದು ಫೈಟರ್. ಅಂವ ಮೂರನೇ ಒಂದು ಭಾಗ ಪಾಯಿಂಟ್ ಬಲಕ್ಕೇ ಸುರಿದ. ಮನುಷ್ಯ ಕುಲಕ್ಕೆ ಸಿಗುವ ಒಂದು ಸೇರಿ 16 ಆಯ್ತು. ನಾಲ್ಕನೇ ಲೆವೆಲ್ ತನಕ ಕಾದು, ಅಲ್ಲಿ ಸಿಕ್ಕ ಎರಡನ್ನೂ ಅದಕ್ಕೇ ಹಾಕಿ 18 ಮಾಡಿಕೊಂಡ. ಬೋನಸ್ +4. ಇತ್ತ ನಮ್ಮ ಕ್ಲೆರಿಕ್ ಬಲಕ್ಕೆ ಒಂದು ಪಾಯಿಂಟೂ ಹಾಕಿರಲಿಲ್ಲ. ಬಲ 8, ಬೋನಸ್ −1.

ಈ ಆವೃತ್ತಿಯ ಕೈಗವಸು ಬಲಕ್ಕೆ ಏನನ್ನೂ ಕೂಡಿಸುವುದಿಲ್ಲ. ತೊಟ್ಟವರ ಬಲವನ್ನು ನೇರವಾಗಿ 19 ಮಾಡುತ್ತದೆ. 19ರ ಬೋನಸ್ಸೂ +4 ಅಷ್ಟೆ. ಫೈಟರ್ ತೊಟ್ಟರೆ ಲಾಭ ಸೊನ್ನೆ, ಕ್ಲೆರಿಕ್ ತೊಟ್ಟರೆ ಐದು, ಅಂದ್ರೆ ಶೇ. 25. ಎಂಜಿನಿಯರಿಂಗ್ ಓದೋ ಮಂದಿ ಏನ್ ಮಾಡ್ತೀವಿ? ಎರಡು ನಿಮಿಷದಲ್ಲಿ ತೀರ್ಮಾನ ಆಯ್ತು. ಫೈಟರ್ ಕೂಡ "ಹೌದ್ ಬಿಡ್ರಿ, ಅವನಿಗೇ ಕೊಡ್ರಿ" ಅಂದ. ಲೆಕ್ಕ ಇವತ್ತಿಗೂ ಸರಿಯೇ ಇದೆ.

ಮುಂದಿನ ವಾರ ಒಂದು ಕಬ್ಬಿಣದ ಬಾಗಿಲು ಬಂತು. ಒಡೆದವ ಕ್ಲೆರಿಕ್. ಆಮೇಲೆ ಕಮರಿಗೆ ಬಿದ್ದವರನ್ನು ಹಗ್ಗ ಹಿಡಿದು ಎಳೆದವನೂ ಅವನೇ, ಗಾಯಕ್ಕೆ ಮಂತ್ರ ಹಾಕಿದವನೂ ಅವನೇ. ಫೈಟರ್‌ಗೆ ಅವನದೇ ಆದ ಯುದ್ಧಕಲೆ ಇದೆ, ಐದನೇ ಲೆವೆಲ್ಲಿಗೆ ಎರಡನೇ ಏಟೂ ಬರ್ತದ, ನಿಜ. ಆದರೆ ನಾಲ್ಕು ಲೆವೆಲ್ ಕಾದು ಗಳಿಸಿದ್ದು ಒಂದೇ ಸಂಜೆಗೆ ಇನ್ನೊಬ್ಬನ ಕೈಯಲ್ಲಿ ಕಂಡಾಗ ಯಾರಿಗೂ ಮನಸ್ಸು ಮುರಿತದ. ಎರಡು ವಾರ ಬಿಟ್ಟು ಅವನ ಮೆಸೇಜ್: "ಲಾಸ್ಟ್ ಬಸ್ ತಪ್ತದ ದೋಸ್ತ, ಬರಾಂಗಿಲ್ಲ." ಬಸ್ ಮೊದಲೂ ಅದೇ ಟೈಮಿಗೇ ಇತ್ತು. (ಅವನು ತರುತ್ತಿದ್ದ ಕಮಲಾಪುರದ ಕೆಂಪು ಬಾಳೆಹಣ್ಣೂ ನಿಂತವು. ಇದು ಬೇರೆ ದುಃಖ.)

2000ದ ಮೂರನೇ ಆವೃತ್ತಿಯಲ್ಲಿ ಇದೇ ಕೈಗವಸು ಬಲಕ್ಕೆ 2 ಕೂಡಿಸುತ್ತಿತ್ತು. ಇಬ್ಬರ ನಡುವಿನ ಅಂತರ ಹಂಗೇ ಉಳೀತಿತ್ತು. ಆದರೆ ಅಲ್ಲಿ ಬೇರೆ ರೋಗ. +2ಕ್ಕೆ 4,000 ಚಿನ್ನದ ನಾಣ್ಯ, +4ಕ್ಕೆ 16,000, +6ಕ್ಕೆ 36,000, ವರ್ಗದ ಲೆಕ್ಕದಲ್ಲಿ ಬೆಲೆ. ಎಲ್ಲರೂ ಅದನ್ನೇ ಕೊಳ್ಳೋದು, ಎಲ್ಲರೂ ಕೊಂಡಿದ್ದಾರೆ ಅಂತ ಎದುರಿನ ರಾಕ್ಷಸರೂ ಬಲಿಯೋದು. ಕೊನೆಗೆ ಅದು ಮಾಯೆಯಲ್ಲ, ತೆರಿಗೆ. ಐದನೇ ಆವೃತ್ತಿ ಇಂಥ ವಸ್ತು ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಬೇಡ ಅಂತ ಕಡಿವಾಣ ಹಾಕಿತು. ಎಷ್ಟು ಅನ್ನೋದನ್ನ ಹೇಳಿತು, ಯಾರಿಗೆ ಅನ್ನೋದನ್ನ ನಮಗೇ ಬಿಟ್ಟಿತು.

ನಮಗೆ ಇದರಲ್ಲಿ ದಾರಿ ತೋರಿಸಿದ್ದು ಮಹಾಭಾರತ. ದುರ್ಯೋಧನ ವಿಷವಿಕ್ಕಿ ಹೊಳೆಗೆ ತಳ್ಳಿದಾಗ ಭೀಮ ನಾಗಲೋಕಕ್ಕೆ ಹೋಗಿ ರಸ ಕುಡಿದು ಆನೆಗಳ ಬಲ ಪಡೆದ. ಅದೂ ಅಂಕ ಏರಿಸುವ ವಸ್ತುವೇ. ಆದರೆ ಅದು ಸೇರಿದ್ದು ಮೊದಲೇ ಬಲಶಾಲಿಯಾದವನಿಗೆ. ದುರ್ಯೋಧನ ಹದಿಮೂರು ವರ್ಷ ಭೀಮನ ಕಬ್ಬಿಣದ ಪ್ರತಿಮೆಗೆ ಗದೆ ಬೀಸಿ ಸಾಧನೆ ಮಾಡಿದ. ಕೊನೆಯ ಯುದ್ಧದ ನಡುವೆ ಕೃಷ್ಣನೇ ಅರ್ಜುನನಿಗೆ ಹೇಳ್ತಾನ, ಬಲದಲ್ಲಿ ಭೀಮ ಮೇಲು, ಅಭ್ಯಾಸದಲ್ಲಿ ದುರ್ಯೋಧನ ಮೇಲು ಅಂತ. ರಸ ಒಂದು ಕಡೆ, ಸಾಧನೆ ಒಂದು ಕಡೆ, ಹಂಗಾಗಿ ಜೋಡಿ ಸರಿಯಾಗಿತ್ತು. ರನ್ನ 'ಗದಾಯುದ್ಧ' ಕಟ್ಟಿದ್ದು ಈ ಜೋಡಿಯ ಮೇಲೆಯೇ. (ಭೀಮ ತೊಡೆಗೆ ಹೊಡೆದು ನಿಯಮ ಮುರಿದ, ಡಿಎಂ ಸುಮ್ಮನಿದ್ದ.) ಇನ್ನು ಕರ್ಣ. ಕವಚ ಕುಂಡಲ ಕೊಟ್ಟು ಇಂದ್ರನಿಂದ ಶಕ್ತ್ಯಾಯುಧ ಪಡೆದ, ಅದೂ ಒಂದೇ ಸಲಕ್ಕೆ. ಅರ್ಜುನನಿಗೆ ಅಂತ ಇಟ್ಟಿದ್ದು ಘಟೋತ್ಕಚನಿಗೆ ಖರ್ಚಾಯ್ತು. ಆ ಆಯುಧದ ಕಥೆಗೆ ರುಚಿ ಬಂದದ್ದೇ ಒಂದು ಸಲ ಅನ್ನೋ ಷರತ್ತಿನಿಂದ.

ಹಾಗಾಗಿ ನಾವು ಕೈಗವಸನ್ನು ಬದಲಿಸಬೇಕು ಅಂತೀವಿ. ಬಲ 15 ದಾಟಿದವರು ತೊಟ್ಟರೆ 2 ಕೂಡಲಿ, 20ರ ಮಿತಿಯೊಳಗೆ. ಉಳಿದವರಿಗೆ 19 ಸಿಗಲಿ, ಆದರೆ ದಿನಕ್ಕೊಮ್ಮೆ, ಒಂದು ನಿಮಿಷ ಮಾತ್ರ. ಪುಸ್ತಕದಲ್ಲೇ ದೈತ್ಯಬಲದ ಮದ್ದು ಒಂದು ಗಂಟೆಗೆ ಇಳಿತದ, ಕೈಗವಸು ದಿನವಿಡೀ ಯಾಕ ಇರಬೇಕು? ಬಡಕಲು ಕ್ಲೆರಿಕ್ ಒಮ್ಮೆ ಬಾಗಿಲು ಒಡೆದರೆ ಚಪ್ಪಾಳೆ ಹೊಡೀತೀವಿ. ದಿನಾ ಒಡೆದರೆ ಫೈಟರ್ ಯಾಕ ಬರಬೇಕು?

ಡಿಎಂ ಒಪ್ಪಿಲ್ಲ. "ದೊಡ್ಡ ರಾಕ್ಷಸನ್ನ ತಂದ್ರ ಮುಗೀತು" ಅಂತಾನ. ದೊಡ್ಡ ರಾಕ್ಷಸ ಬಂದರೆ ಅವನ ಏಟು ಕೈಗವಸು ಇಲ್ಲದವರಿಗೂ ಬೀಳ್ತದಲ್ಲ? ಕ್ಲೆರಿಕ್ ಆಡುವವ ಮಾತ್ರ ತಾನಾಗಿಯೇ ಕೈಗವಸು ಬಿಚ್ಚಿ ಕಥೆಯೊಳಗಿನ ಸೂಪರ್ ಮಾರ್ಕೆಟ್ಟಿಗೆ ಒಯ್ದು ಮಾರಿಬಿಟ್ಟ. ಹೊಸ ನಿಯಮ ಬರೆದು ಕಮಲಾಪುರಕ್ಕೆ ವಾಟ್ಸಾಪ್ ಮಾಡಿದ್ದೇವೆ. ಎರಡು ನೀಲಿ ಗೆರೆ ಬಂದಾವ. ಭಾನುವಾರದ ಆಟ ಲಾಸ್ಟ್ ಬಸ್ಸಿಗೆ ಒಂದು ತಾಸು ಮೊದಲೇ ಮುಗಿಸ್ತೀವಿ ಅಂತಾನೂ ಬರೆದೀವಿ.